ತಾಯಂದಿರ ಪರವಾಗಿ ನಿಂತ ಧನವಂತಿ ರಾಮರಾವ್

ಆಸ್ಪತ್ರೆಯ ಗೋಡೆಯ ಮೇಲೆ, ಬಸ್ಸಿನ ಹಿಂಬದಿಯಲ್ಲಿ, ಪಂಚಾಯತು ಕಚೇರಿಯ ಜಗಲಿಯಲ್ಲಿ ಬರೆದಿರುತ್ತಿದ್ದ ಕೆಂಪು ತ್ರಿಕೋನವನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ಚಿಕ್ಕಂದಿನಲ್ಲಿ ಅದರ ಅರ್ಥವೇನೆಂದು ನಾವು ಮನೆಯಲ್ಲಿ ಕೇಳಿದಾಗ ಉತ್ತರ ದೊರೆಯಲಿಲ್ಲ. ಮಕ್ಕಳು ಅಂಥದ್ದನ್ನೆಲ್ಲ ಕೇಳಬಾರದೆಂಬ ಗದರಿಕೆ ಮಾತ್ರ ದೊರೆಯಿತು. ಅದು ಕುಟುಂಬ ಯೋಜನೆಯ ಚಿಹ್ನೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಆ ಚಿಹ್ನೆ ಗೋಡೆಗಳಿಗೆ ಬರುವುದಕ್ಕೂ ಬಹಳ ಮೊದಲೇ, ಇಂಥದ್ದನ್ನು ಕೇಳಬೇಕು, ಹೇಳಬೇಕು, ಅದು ಹೆಂಗಸಿನ ಹಕ್ಕು ಎಂದು ಸಾರಿದ ಮಹಿಳೆಯೊಬ್ಬರು ನಮ್ಮ ದೇಶದಲ್ಲಿದ್ದರು. ಅವರು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಸೊಸೆಯಾಗಿ ಬಂದದ್ದು ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಮನೆತನಕ್ಕೆ. ಲೋಕ ಅವರನ್ನು ಲೇಡಿ ರಾಮರಾವ್ ಎಂದು ಕರೆಯಿತು. ಅವರ ಹೆಸರು ಧನವಂತಿ ರಾಮರಾವ್.

ಧನವಂತಿಯವರು 1893ನೇ ಇಸವಿಯ ಮೇ 10ರಂದು ಜನಿಸಿದರು. ತವರಿನ ಮನೆತನದ ಹೆಸರು ಹಂಡೂ. ಅವರು ಕಾಶ್ಮೀರಿ ಬ್ರಾಹ್ಮಣರು. ಮೂಲ ನಾಡಿನಿಂದ ಬಹುದೂರ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದ್ದವರು. ಮನೆಯ ಆಚಾರ ಒಂದು, ಬೀದಿಯ ಭಾಷೆ ಇನ್ನೊಂದು. ಬಾಲೆ ಧನವಂತಿ ನೆರೆಹೊರೆಯವರೊಡನೆ ಬೆರೆತು ಕನ್ನಡವನ್ನು ಸರಾಗವಾಗಿ ಆಡಲು ಕಲಿತರು. ಒಳಗೊಂದು ಹೊರಗೊಂದು ಭಾಷೆಯಾಗಿ ಬೆಳೆಯುವುದು ಹೇಗೆಂಬುದನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮುಂದೆ ಹತ್ತಾರು ದೇಶಗಳ ಹೆಂಗಸರೊಡನೆ ಕುಳಿತು ಮಾತನಾಡಬೇಕಾಗಿ ಬಂದಾಗ, ಪರರ ರೀತಿನೀತಿಗಳ ನಡುವೆ ಬಾಳಿ ಬಂದ ಈ ಅಭ್ಯಾಸ ಅವರ ಕೈಬಿಟ್ಟಿರಲಾರದು.

ಹೆಣ್ಣುಮಕ್ಕಳಿಗೆ ಹತ್ತು ಹನ್ನೆರಡರಲ್ಲಿಯೇ ಮದುವೆ ಮಾಡಿ ಮುಗಿಸುತ್ತಿದ್ದ ಕಾಲದಲ್ಲಿ ಧನವಂತಿ ಮದರಾಸಿಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಬಳಿಕ ಅದೇ ನಗರದ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಭಾರತೀಯ ಹೆಂಗಸೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವುದು ಆಗ ಅಪರೂಪದ ಸಂಗತಿ. 1919ರಲ್ಲಿ ಐ.ಸಿ.ಎಸ್. ಅಧಿಕಾರಿ ಬೆನಗಲ್ ರಾಮರಾಯರೊಡನೆ ಅವರ ವಿವಾಹವಾಯಿತು. ರಾಮರಾಯರು ದಕ್ಷಿಣ ಕನ್ನಡದ ಸಾರಸ್ವತರು, ಮನೆಮಾತು ಕೊಂಕಣಿ. ಸಂವಿಧಾನ ರಚನೆಯ ಕಾಲದಲ್ಲಿ ಸಲಹೆಗಾರರಾಗಿದ್ದ ಸರ್ ಬಿ.ಎನ್. ರಾಯರು ಇವರ ಅಣ್ಣ. ಆಗ ಕಾಸರಗೋಡು ಅದೇ ಜಿಲ್ಲೆಯ ಒಂದು ತಾಲೂಕು. ಕಾಶ್ಮೀರಿ ಮನೆಯ ಹುಡುಗಿ ಕರಾವಳಿಯ ಸಾರಸ್ವತರ ಮನೆಗೆ ಸೊಸೆಯಾಗುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ದಂಪತಿಗೆ ಪ್ರೇಮಿಳಾ, ಶಾಂತಾ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಕಿರಿಯವರಾದ ಶಾಂತಾ ರಾಮರಾವ್ ಮುಂದೆ ಇಂಗ್ಲಿಷಿನ ಹೆಸರಾಂತ ಲೇಖಕಿಯಾದರು.

ದೊಡ್ಡ ಅಧಿಕಾರಿಯ ಪತ್ನಿಗೆ ಬಂಗಲೆ, ಆಳುಕಾಳು, ಔತಣಕೂಟಗಳಲ್ಲಿಯೇ ದಿನ ಕಳೆಯುವ ಅವಕಾಶವಿತ್ತು. ಧನವಂತಿಯವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಬಾಲ್ಯವಿವಾಹ ನಿರ್ಮೂಲನಕ್ಕಾಗಿ ಹುಟ್ಟಿದ ಅಖಿಲ ಭಾರತ ಸಂಘಕ್ಕೆ 1927-28ರಲ್ಲಿ ಅವರು ಕಾರ್ಯದರ್ಶಿಯಾದರು. ಋತುಮತಿಯಾಗುವ ಮೊದಲೇ ಮದುವೆ, ಹದಿನಾಲ್ಕು ಹದಿನೈದಕ್ಕೆ ಬಸಿರು, ಬಾಣಂತನದಲ್ಲಿಯೇ ಸಾವು. ಉಳಿದರೆ ವರ್ಷ ಬಿಟ್ಟು ವರ್ಷ ಮತ್ತೆ ಹೆರಿಗೆ. ಇದು ಆಗಿನ ಎಷ್ಟೋ ಮನೆಗಳ ಕಥೆ. ಈ ಸಂಘಗಳ ಒತ್ತಾಯದಿಂದಲೂ ಹರಬಿಲಾಸ ಸಾರಡಾ ಅವರ ಪ್ರಯತ್ನದಿಂದಲೂ 1929ರ ಸೆಪ್ಟೆಂಬರಿನಲ್ಲಿ ಬಾಲ್ಯವಿವಾಹ ತಡೆ ಕಾಯಿದೆಗೆ ಒಪ್ಪಿಗೆ ದೊರೆತು, 1930ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬಿರಬೇಕೆಂಬುದು ಅದರ ನಿಯಮ. ಈಗ ನಮಗೆ ಇದು ತೀರ ಕಡಿಮೆಯೆಂದು ತೋರುತ್ತದೆ. ಆದರೆ ಅಂದು ಅಷ್ಟಕ್ಕೇ ಮಠಮಂದಿರಗಳಿಂದ ದೊಡ್ಡ ವಿರೋಧ ಎದ್ದಿತ್ತು.

ಅದೇ ವರ್ಷ ಲಂಡನಿನಲ್ಲಿ ನಡೆದ ಒಂದು ಪ್ರಸಂಗ ಧನವಂತಿಯವರ ಸ್ವಭಾವವನ್ನು ತೋರಿಸುತ್ತದೆ. ಪತಿಯ ಕೆಲಸದ ನಿಮಿತ್ತ ಅವರು ಆಗ ಅಲ್ಲಿದ್ದರು. ಅಮೆರಿಕದ ಕ್ಯಾಥರಿನ್ ಮೇಯೋ 1927ರಲ್ಲಿ ಪ್ರಕಟಿಸಿದ್ದ ಪುಸ್ತಕವೊಂದು ಭಾರತದ ಹೆಂಗಸರ ದುಃಸ್ಥಿತಿಯನ್ನು ಹೀನಾಯವಾಗಿ ಬಣ್ಣಿಸಿ, ಭಾರತೀಯರು ಸ್ವರಾಜ್ಯಕ್ಕೆ ಯೋಗ್ಯರಲ್ಲವೆಂಬ ಭಾವನೆ ಹರಡಿತ್ತು. ಅದನ್ನು ಓದಿ ಮನಕರಗಿದ ಪಾರ್ಲಿಮೆಂಟ್ ಸದಸ್ಯೆ ಎಲಿನರ್ ರಾಥ್‌ಬೋನ್ 1929ರ ಅಕ್ಟೋಬರಿನಲ್ಲಿ ಭಾರತದ ಹೆಂಗಸರ ಕುರಿತು ಕ್ಯಾಕ್ಸ್‌ಟನ್ ಹಾಲಿನಲ್ಲಿ ಸಮ್ಮೇಳನ ಕರೆದರು. ವೇದಿಕೆಯಲ್ಲಿ ಮಾತನಾಡಿದವರು ಬ್ರಿಟಿಷರು. ಅವರಲ್ಲಿ ಹಲವರು ಭಾರತವನ್ನೇ ಕಂಡವರಲ್ಲ. ಸಭೆಯಲ್ಲಿದ್ದ ಧನವಂತಿಯವರು ಎದ್ದು ನಿಂತು ಇದನ್ನು ಪ್ರತಿಭಟಿಸಿದರು. ಭಾರತದ ಸಾಮಾಜಿಕ ಕೆಡುಕುಗಳನ್ನು ತಿದ್ದುವ ಕೆಲಸವನ್ನು ಭಾರತದ ಹೆಂಗಸರು ಈಗಾಗಲೇ ಕೈಗೆತ್ತಿಕೊಂಡಿದ್ದಾರೆ. ಬ್ರಿಟಿಷ್ ಹೆಂಗಸರು ಬೇಕಾದರೆ ಬೆಂಬಲ ನೀಡಲಿ, ಯಜಮಾನಿಕೆ ಬೇಡ ಎಂಬುದು ಅವರ ನಿಲುವು. ಸ್ವತಃ ಬಾಲ್ಯವಿವಾಹದ ವಿರುದ್ಧ ದುಡಿದವರೇ ಆದ್ದರಿಂದ ಕೆಡುಕನ್ನು ಮುಚ್ಚಿಡುವ ಉದ್ದೇಶ ಅವರಿಗಿರಲಿಲ್ಲ. ಯಾರ ಬದುಕಿನ ಪ್ರಶ್ನೆಯೋ ಅವರದೇ ಮಾತು ಮೊದಲು ನಡೆಯಬೇಕೆಂದು ಅವರು ನಂಬಿದ್ದರು. ಮುಂದಿನ ಅವರ ಕೆಲಸವನ್ನೆಲ್ಲ ಈ ಒಂದು ನಂಬಿಕೆಯಿಂದ ಅರ್ಥಮಾಡಿಕೊಳ್ಳಬಹುದು.

ಸಂತಾನ ನಿಯಂತ್ರಣದ ವಿಚಾರ ನಮ್ಮ ದೇಶಕ್ಕೆ ಆಗ ಪೂರ್ತಿ ಹೊಸದೇನೂ ಆಗಿರಲಿಲ್ಲ. ಮುಂಬಯಿಯಲ್ಲಿ ಪ್ರೊ. ರ.ಧೋ. ಕರ್ವೆಯವರು 1921ರಲ್ಲಿಯೇ ಸಲಹಾಕೇಂದ್ರ ತೆರೆದು, ಅದಕ್ಕಾಗಿ ನಿಂದೆ ಅಪಮಾನಗಳನ್ನು ಉಂಡಿದ್ದರು. ಮೈಸೂರು ಸಂಸ್ಥಾನದ ಸರಕಾರ 1930ರಲ್ಲಿ ಸರಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಅದು ಮೊದಲು ಎನ್ನುತ್ತಾರೆ. 1935ರ ಕೊನೆಯಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಭಾರತಕ್ಕೆ ಬಂದರು. ಆಕೆ ದಾದಿಯಾಗಿ ಬಡವರ ಕೇರಿಗಳಲ್ಲಿ ದುಡಿದವರು; ಬಸಿರು ತಡೆಯುವ ಉಪಾಯ ತಿಳಿಯದೆ ಸಾಯುತ್ತಿದ್ದ ತಾಯಂದಿರನ್ನು ಕಣ್ಣಾರೆ ಕಂಡು 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಚಿಕಿತ್ಸಾಲಯ ತೆರೆದು ಸೆರೆಮನೆಗೂ ಹೋಗಿ ಬಂದವರು. ವಾರ್ಧಾದಲ್ಲಿ ಅವರು ಗಾಂಧೀಜಿಯವರನ್ನು ಕಂಡು ಚರ್ಚಿಸಿದರು. ಸಂಯಮವೊಂದೇ ದಾರಿಯೆಂಬ ಗಾಂಧೀಜಿಯವರ ನಿಲುವು ಕದಲಲಿಲ್ಲ. ಆದರೆ ತಿರುವನಂತಪುರದಲ್ಲಿ ಕೂಡಿದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಸ್ಯಾಂಗರ್ ಮಾತನಾಡಿದಾಗ ನಮ್ಮ ಹೆಂಗಸರು ಸಂತಾನ ನಿಯಂತ್ರಣದ ಪರವಾಗಿ ಠರಾವು ಮಾಡಿದರು. ಈ ಸಮ್ಮೇಳನ ಸಂಸ್ಥೆಗೆ 1946-47ರಲ್ಲಿ ಧನವಂತಿ ರಾಮರಾಯರು ಅಧ್ಯಕ್ಷೆಯಾದರು.

ಪತಿಯ ಉದ್ಯೋಗವನ್ನು ಅನುಸರಿಸಿ ಅವರು ಲಂಡನ್, ದಕ್ಷಿಣ ಆಫ್ರಿಕ, ಜಪಾನ್, ಅಮೆರಿಕಗಳಲ್ಲಿ ಬಾಳಿದರು. 1949ರ ಜುಲೈಯಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರಾದಾಗ ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ದೇಶವಿಭಜನೆಯ ಬಳಿಕ ನಿರಾಶ್ರಿತರಿಂದಲೂ ಹೊಟ್ಟೆಪಾಡಿಗೆ ಬಂದವರಿಂದಲೂ ಮುಂಬಯಿ ತುಂಬಿ ತುಳುಕುತ್ತಿತ್ತು. ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ. ಕಂಕುಳಲ್ಲೊಂದು, ಹೊಟ್ಟೆಯಲ್ಲೊಂದು ಮಗು ಹೊತ್ತು ನಲ್ಲಿಯ ಮುಂದೆ ನಿಂತ ರಕ್ತಹೀನ ತಾಯಂದಿರು. ಇವರಿಗೆ ಹಾಲಿನ ಪುಡಿ, ಬಟ್ಟೆಬರೆ ಹಂಚಿದರೆ ಸಾಲದು. ಮುಂದಿನ ಬಸಿರು ಈಗ ಬೇಕೇ ಬೇಡವೇ ಎಂದು ತೀರ್ಮಾನಿಸುವ ತಿಳಿವಳಿಕೆಯೂ ಸಾಧನವೂ ಬೇಕು ಎಂದು ಅವರಿಗೆ ಮನವರಿಕೆಯಾಯಿತು. ಅದೇ 1949ರಲ್ಲಿ ಆವಾಬಾಯಿ ವಾಡಿಯಾ ಮೊದಲಾದವರೊಡನೆ ಸೇರಿ ಭಾರತ ಕುಟುಂಬ ಯೋಜನಾ ಸಂಘವನ್ನು ಅವರು ಸ್ಥಾಪಿಸಿದರು. ಆಗ ಅವರಿಗೆ 56 ವರ್ಷ. ನಾವು ನಿವೃತ್ತಿಯ ಲೆಕ್ಕ ಹಾಕುವ ಪ್ರಾಯದಲ್ಲಿ ಅವರ ಬದುಕಿನ ಮುಖ್ಯ ಕೆಲಸ ಪ್ರಾರಂಭವಾಯಿತು.

ವಿರೋಧಕ್ಕೇನೂ ಕೊರತೆಯಿರಲಿಲ್ಲ. ಧರ್ಮ ಕೆಡುತ್ತದೆ, ಹೆಂಗಸರು ದಾರಿ ತಪ್ಪುತ್ತಾರೆ, ಸಭ್ಯರ ಬಾಯಲ್ಲಿ ಬರುವ ಮಾತೇ ಇದು ಎಂಬ ಟೀಕೆಗಳು ಎಲ್ಲೆಡೆ ಇದ್ದವು. ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಅನುಯಾಯಿ. ಸಾಧನಗಳ ಬಳಕೆಗೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ತಿಂಗಳಿನ ಸುರಕ್ಷಿತ ದಿನಗಳನ್ನು ಎಣಿಸುವ ವಿಧಾನವನ್ನು ಮಾತ್ರ ಅವರು ಒಪ್ಪಿದರು. ಅಕ್ಷರ ಬಾರದ ಹೆಂಗಸರು ದಿನ ಎಣಿಸಲೆಂದು ಬಣ್ಣದ ಮಣಿಗಳ ಸರ ಮಾಡಿಕೊಟ್ಟು ಪ್ರಯೋಗ ನಡೆಸಿದ್ದೂ ಉಂಟು, ಅದು ಫಲಿಸಲಿಲ್ಲ. ಗಂಡ ಒಪ್ಪದಿದ್ದರೆ ಮಣಿ ಎಣಿಸಿ ಪ್ರಯೋಜನವೇನು? ಧನವಂತಿಯವರು ಹಿಂಜರಿಯದೆ ಯೋಜನಾ ಆಯೋಗದವರ ಮುಂದೆ ತಮ್ಮ ವಾದ ಮಂಡಿಸುತ್ತ ಬಂದರು. ಕೊನೆಗೆ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ ಸ್ಥಾನ ದೊರೆತು, 65 ಲಕ್ಷ ರೂಪಾಯಿ ಮೀಸಲಾಯಿತು. ಇಡೀ ದೇಶಕ್ಕೆ ಅದು ಪುಡಿಗಾಸು. ಆದರೂ ರಾಷ್ಟ್ರಮಟ್ಟದಲ್ಲಿ ಇದನ್ನು ಸರಕಾರದ ಕಾರ್ಯಕ್ರಮವನ್ನಾಗಿ ಸ್ವೀಕರಿಸಿದ ಮೊದಲ ದೇಶವೆಂಬ ಹೆಸರು ಭಾರತಕ್ಕೆ ಬಂತು.

1952ರ ನವೆಂಬರಿನಲ್ಲಿ ಧನವಂತಿಯವರ ಸಂಘ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವನ್ನು ನಡೆಸಿಕೊಟ್ಟಿತು. ಉಪರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಉದ್ಘಾಟಿಸಿದರು. ಎಪ್ಪತ್ತರ ಪ್ರಾಯದ ಸ್ಯಾಂಗರ್ ಬಂದಿದ್ದರು. ಭಾರತ, ಬ್ರಿಟನ್, ಅಮೆರಿಕ, ಸ್ವೀಡನ್, ಹಾಲೆಂಡ್, ಪಶ್ಚಿಮ ಜರ್ಮನಿ, ಸಿಂಗಾಪುರ, ಹಾಂಕಾಂಗ್ ಹೀಗೆ ಎಂಟು ಕಡೆಗಳ ಸಂಘಗಳು ಕೂಡಿ ಅಲ್ಲಿಯೇ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವನ್ನು ಹುಟ್ಟುಹಾಕಿದವು. ಸ್ಯಾಂಗರ್ ಮತ್ತು ಧನವಂತಿ ರಾಮರಾಯರು ಜಂಟಿ ಅಧ್ಯಕ್ಷೆಯರಾದರು. ಲಂಡನಿನ ಸಭೆಯಲ್ಲಿ ಭಾರತದ ಹೆಂಗಸರ ಮಾತಿಗೆ ಎಡೆ ಕೇಳಿದವರು ಇಪ್ಪತ್ತಮೂರು ವರ್ಷಗಳ ಮೇಲೆ ಲೋಕದ ಹೆಂಗಸರ ಸಂಸ್ಥೆಗೆ ಮುಂದಾಳಾದರು. ಆ ಒಕ್ಕೂಟ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿದೆ.

1954ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ನೇಮಿಸಿದ ಸಮಿತಿಯೊಂದಕ್ಕೂ ಅವರು ಅಧ್ಯಕ್ಷೆಯಾಗಿದ್ದರು. ಹೆಣ್ಣುಮಕ್ಕಳ ಮಾರಾಟ, ವೇಶ್ಯಾವೃತ್ತಿ, ಗುಹ್ಯರೋಗಗಳು ಇವುಗಳನ್ನು ಕುರಿತು ವಿಚಾರಿಸುವುದು ಅದರ ಕೆಲಸ. ಹೆಂಗಸರ ಅನೈತಿಕ ಸಾಗಾಟವನ್ನು ತಡೆಯುವ 1956ರ ಕಾಯಿದೆಗೆ ಇಂಥ ವಿಚಾರಣೆಗಳು ಹಿನ್ನೆಲೆಯಾದವು. ಮರ್ಯಾದಸ್ಥರು ಮೂಗು ಮುಚ್ಚಿಕೊಳ್ಳುವ ವಿಷಯವನ್ನು ಕಾಗದಪತ್ರದ ಮೇಲೆ ತಂದು, ಸರಕಾರ ಓದುವಂತೆ ಮಾಡುವುದು ಸುಲಭವಲ್ಲ. 1959ರ ಫೆಬ್ರವರಿಯಲ್ಲಿ ಒಕ್ಕೂಟದ ಆರನೆಯ ಸಮ್ಮೇಳನ ದಿಲ್ಲಿಯಲ್ಲಿ ಕೂಡಿತು. ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅದೇ ವರ್ಷ ಧನವಂತಿಯವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಸ್ಯಾಂಗರ್ ಅವರ ಬಳಿಕ ಸ್ವೀಡನಿನ ಎಲಿಸೆ ಒಟ್ಟೆಸೆನ್ ಯೆನ್ಸೆನ್ ಒಕ್ಕೂಟದ ಅಧ್ಯಕ್ಷತೆ ವಹಿಸಿದ್ದರು. 1963ರಲ್ಲಿ ಆ ಹೊಣೆ ಧನವಂತಿಯವರ ಹೆಗಲೇರಿತು. ಎಪ್ಪತ್ತು ದಾಟಿದ ಮೇಲೂ ಅವರು 1971ರವರೆಗೆ ಅದನ್ನು ನಿರ್ವಹಿಸಿದರು.

ಈ ಅವಧಿಯಲ್ಲಿ, 1968ರಲ್ಲಿ, ತೆಹರಾನಿನಲ್ಲಿ ಕೂಡಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮ್ಮೇಳನ ಒಂದು ಘೋಷಣೆ ಹೊರಡಿಸಿತು. ಎಷ್ಟು ಮಕ್ಕಳು, ಮಕ್ಕಳ ನಡುವೆ ಎಷ್ಟು ಅಂತರ ಎಂಬುದನ್ನು ಸ್ವತಂತ್ರವಾಗಿ, ಹೊಣೆಯರಿತು ತೀರ್ಮಾನಿಸುವುದು ತಂದೆತಾಯಿಗಳ ಮೂಲಭೂತ ಹಕ್ಕು ಎಂದು ಅದು ಸಾರಿತು. 1994ರಲ್ಲಿ ಕೈರೋ ಸಮ್ಮೇಳನದಲ್ಲಿ 179 ದೇಶಗಳು ಈ ವಿಚಾರವನ್ನು ಇನ್ನಷ್ಟು ವಿಸ್ತರಿಸಿದವು. ಸುರಕ್ಷಿತ ಹೆರಿಗೆ, ರೋಗಗಳಿಂದ ರಕ್ಷಣೆ, ಬಲವಂತದಿಂದ ಬಿಡುಗಡೆ, ಹರೆಯದವರಿಗೆ ಸರಿಯಾದ ತಿಳಿವಳಿಕೆ ಎಲ್ಲವೂ ಸೇರಿ ಒಂದೇ ಹಕ್ಕು ಎಂಬ ಮಾತು ಅಲ್ಲಿ ನೆಲೆಗೊಂಡಿತು. ಅದನ್ನು ನೋಡಲು ಧನವಂತಿಯವರು ಇರಲಿಲ್ಲ.

ಅವರ ಕಾಲದ ಕುಟುಂಬ ಯೋಜನೆಗೆ ಇನ್ನೊಂದು ಮುಖವೂ ಇತ್ತು. ಅದನ್ನು ಹೇಳದೆ ಈ ಕಥೆ ಪೂರ್ತಿಯಾಗದು. ತಾಯಿಯ ಆರೋಗ್ಯದ ಮಾತಿಗಿಂತ ಜನಸಂಖ್ಯೆಯ ಲೆಕ್ಕದ ಮಾತು ಅಧಿಕಾರಸ್ಥರಿಗೆ ಬೇಗ ರುಚಿಸುತ್ತಿತ್ತು. ಧನವಂತಿಯವರೂ ಅವರ ಜೊತೆಯವರೂ ಆ ಲೆಕ್ಕದ ವಾದವನ್ನು ಉಪಯೋಗಿಸಿದ್ದುಂಟು. ಆದರೆ ಲೆಕ್ಕ ಒಮ್ಮೆ ಮುಂದಕ್ಕೆ ಬಂದರೆ ಮನುಷ್ಯ ಹಿಂದಕ್ಕೆ ಸರಿಯುತ್ತಾನೆ. ನಮ್ಮ ಕೇರಳದಲ್ಲಿಯೇ 1971ರ ಜುಲೈಯಲ್ಲಿ ಎರ್ನಾಕುಳಂನ ಶಿಬಿರದಲ್ಲಿ ಒಂದೇ ತಿಂಗಳಲ್ಲಿ 60 ಸಾವಿರಕ್ಕೂ ಮೀರಿದ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಹಣ, ಬಟ್ಟೆ, ಅಕ್ಕಿಯ ಆಸೆ ಬಡವರನ್ನು ಎಳೆದು ತಂದಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಉತ್ತರ ಭಾರತದ ಎಷ್ಟೋ ಊರುಗಳಲ್ಲಿ ಪೊಲೀಸರನ್ನು ಬಿಟ್ಟು ಜನರನ್ನು ಹಿಡಿದು ತಂದರು. ಮಾಸ್ತರರ ಸಂಬಳ ತಡೆದು, ಇಷ್ಟು ಜನರನ್ನು ಕರೆತಂದರೆ ಕೊಡುತ್ತೇವೆ ಎಂದು ಕಾಡಿದ್ದೂ ಉಂಟು. ಅಧ್ಯಾಪಕರಾದ ನಮಗೆ ಅದನ್ನು ಓದಿದರೆ ಇಂದಿಗೂ ತಲೆ ತಗ್ಗುತ್ತದೆ. ಸ್ವಂತ ಇಚ್ಛೆಯೇ ಆಧಾರವಾಗಿರಬೇಕೆಂದು ಧನವಂತಿಯವರ ಸಂಘ ಪ್ರಾರಂಭದಿಂದ ಇಟ್ಟುಕೊಂಡಿದ್ದ ತತ್ವಕ್ಕೆ ಇದು ಪೂರ್ತಿ ವಿರುದ್ಧವಾಗಿತ್ತು. ಜನರಲ್ಲಿ ಕುಟುಂಬ ಯೋಜನೆಯೆಂಬ ಮಾತಿಗೇ ಭಯ ಹುಟ್ಟಿತು. ಆ ಹೆಸರನ್ನೇ ಬದಲಿಸಿ ಕುಟುಂಬ ಕಲ್ಯಾಣ ಎಂದು ಕರೆಯಬೇಕಾಯಿತು.

ರಾಮರಾಯರು 1969ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಧನವಂತಿಯವರು ತಮ್ಮ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1977ರಲ್ಲಿ ಪ್ರಕಟಿಸಿದರು. 1987ರ ಜುಲೈಯಲ್ಲಿ, 94ನೆಯ ವರ್ಷದಲ್ಲಿ, ಕಾಲವಾದರು. ಹುಬ್ಬಳ್ಳಿಯಿಂದ ಹೊರಟ ಆ ದೀರ್ಘ ಪ್ರಯಾಣ ಅಲ್ಲಿಗೆ ಮುಗಿಯಿತು.

ಇಷ್ಟನ್ನು ನಾವು ಇಲ್ಲಿ ಬರೆದದ್ದು ಅವರ ಹೊಗಳಿಕೆಗಾಗಿಯಷ್ಟೇ ಅಲ್ಲ. ಕೇರಳದಲ್ಲಿ ಹೆರಿಗೆಯ ಕಾಲದ ತಾಯಂದಿರ ಸಾವು ದೇಶದಲ್ಲಿಯೇ ತೀರ ಕಡಿಮೆ. 2018-20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97 ತಾಯಂದಿರು ಸತ್ತರೆ ಕೇರಳದಲ್ಲಿ 19. ಇದು ಸಂತೋಷದ ಮಾತು. ಆದರೆ ಅದೇ ಕಾಲದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇನ್ನೊಂದನ್ನು ತೋರಿಸುತ್ತದೆ. ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ಮನೆಗಳು ನೂರಕ್ಕೆ ಒಂದೂ ಇಲ್ಲ, ಸಾವಿರಕ್ಕೆ ಮೂರು. ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ, ಅಪಾಯವೂ ಕಡಿಮೆ, ಆದರೂ ಹೀಗಿದೆ. ಹೆರುವ ನೋವೂ ಅವಳದೇ, ನಿಲ್ಲಿಸುವ ನೋವೂ ಅವಳದೇ. ಸರಕಾರದ ಬಲವಂತ ಹೋಯಿತು ನಿಜ. ಮನೆಯೊಳಗಿನ ಬಲವಂತ ಹೋಗಿದೆಯೇ? ಇನ್ನೊಂದು ಗಂಡಾಗಲಿ ಎಂದು ಅತ್ತೆ ಹೇಳಿದಾಗ, ಸಾಕು ಎನ್ನುವ ಸ್ವಾತಂತ್ರ್ಯ ಎಷ್ಟು ಸೊಸೆಯರಿಗಿದೆ?

ನಮ್ಮ ಅನುಭವದ ಒಂದು ಮಾತು. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ, ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದಿನ ಪಾಠಕ್ಕೆ ಹಾರಿದವರಲ್ಲಿ ನಾವೂ ಒಬ್ಬರು. ಮಕ್ಕಳು ಮನೆಯಲ್ಲಿ ಕೇಳಿದರೆ, ಶಾಲೆಯಲ್ಲಿ ಕೇಳಿಕೊಳ್ಳಿರೆಂದು ಹೆತ್ತವರು ಹೇಳುತ್ತಾರೆ. ಇಬ್ಬರ ನಡುವೆ ಮಗು ಬೇರೆಲ್ಲಿಂದಲೋ ಅರೆಬರೆ ಕಲಿತು ಬರುತ್ತದೆ. ಅದರ ಮೇಲೆ ನಮ್ಮ ಭಾಷೆಯ ತೊಡಕು ಬೇರೆ. ಆರೋಗ್ಯದ ಕರಪತ್ರ ಮಲೆಯಾಳದಲ್ಲಿ ಬಂದರೆ ಕನ್ನಡ ಮಾತ್ರ ಬಲ್ಲ ಅಮ್ಮನಿಗೆ ಅದು ಬರಿಯ ಕಾಗದ. ಗುಳಿಗೆ ತೆಗೆದುಕೊಳ್ಳುವ ಕ್ರಮವನ್ನು ಶಾಲೆಗೆ ಹೋಗುವ ಮಗನಿಂದ ಓದಿಸಿಕೊಳ್ಳಲು ಅವಳಿಗೆ ನಾಚಿಕೆ. ಕಳೆದ ಎರಡು ವರ್ಷಗಳಿಂದ ನಾವು ಆ ಪಾಠವನ್ನು ಹಾರಿಸುತ್ತಿಲ್ಲ. ಮೊದಲ ದಿನ ಮಕ್ಕಳು ತಲೆ ತಗ್ಗಿಸಿ ನಕ್ಕರು. ಮೂರನೆಯ ದಿನ ಪ್ರಶ್ನೆ ಕೇಳಿದರು. ಹುಡುಗರನ್ನು ಹೊರಗೆ ಕಳುಹಿಸದೆ ಹೇಳಿದ್ದರಿಂದ ಹುಡುಗರೂ ಕೇಳಿದರು. ಯಾರ ಧರ್ಮವೂ ಕೆಡಲಿಲ್ಲ.

ಮನೆಯಲ್ಲಿ ಮಗಳು ಏನಾದರೂ ಕೇಳಿದರೆ ವಾಚಕರು ಗದರಿಸದಿರಲಿ. ತಿಳಿದಷ್ಟನ್ನು ಕನ್ನಡದಲ್ಲಿ ಹೇಳಲಿ; ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಜೊತೆಗೂಡಿ ಕೇಳಲಿ. ಮಗನಿಗೂ ಅದನ್ನೇ ಕಲಿಸಲಿ. ಧನವಂತಿ ರಾಮರಾಯರ ಹೆಸರಿನಲ್ಲಿ ನಮ್ಮ ಊರಿನಲ್ಲಿ ಬೀದಿಯೂ ಇಲ್ಲ, ಪ್ರತಿಮೆಯೂ ಇಲ್ಲ. ಅದು ಬೇಕಾಗಿಯೂ ಇಲ್ಲ. ಅವರ ನೆನಪಿಗೆ ಅಷ್ಟು ಮಾಡಿದರೆ ಸಾಕೆಂದು ನಾವು ತಿಳಿಯುತ್ತೇವೆ.